ಸಿದ್ದವೀರಪ್ಪ ಮೇಷ್ಟ್ರ ಹಾಡಿಗೆ ಕಟ್ಟಿದ ಗ್ಯಾಲರಿ

ತೊಂಬತ್ತೈದರ ಸುಮಾರಿಗೆ ನಾನು ಪಾಂಡವಪುರದಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಶಾಲೆಗಳ ಸೋರುವ ಚಾವಣಿ, ಕುಸಿದ ಮೋರಿ, ಪ್ರವಾಸಿ ಮಂದಿರದ ಕಕ್ಕಸು, ಇಂಥವೇ ನನ್ನ ಕೆಲಸ. ಜೊತೆಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ತಾಲ್ಲೂಕಿನಲ್ಲಿ ದೊಡ್ಡ ಸಭೆ ನಡೆದರೆ ಅಲ್ಲಿನ ವೇದಿಕೆ, ಗ್ಯಾಲರಿಗಳು ಜನರ ಭಾರ ತಡೆಯುತ್ತವೆಯೇ ಎಂದು ನೋಡಿ ಬರೆದುಕೊಡಬೇಕಿತ್ತು. ಅದಕ್ಕೆ ಸ್ಟೆಬಿಲಿಟಿ ಸರ್ಟಿಫಿಕೇಟ್ ಎನ್ನುತ್ತಾರೆ. ಅದಿಲ್ಲದೆ ಪೊಲೀಸರು ಅನುಮತಿ ಕೊಡುತ್ತಿರಲಿಲ್ಲ. ಸೇವೆಯಲ್ಲಿ ಅಂಥವು ಎಷ್ಟು ಕೊಟ್ಟೆನೋ ಲೆಕ್ಕವಿಲ್ಲ. ಒಂದರ ವಿಷಯದಲ್ಲಿ ಮಾತ್ರ ನನಗೆ ನನ್ನ ಮೇಲೆ ಇಂದಿಗೂ ಸಿಟ್ಟಿದೆ.

ಆ ಬೇಸಿಗೆಯಲ್ಲಿ ಸಿದ್ದವೀರಪ್ಪ ಮೇಷ್ಟ್ರು ಪಾಂಡವಪುರಕ್ಕೆ ಬಂದು ಹಾಡುತ್ತಾರೆಂಬ ಸುದ್ದಿ ಹಬ್ಬಿತು. ಮೇಷ್ಟ್ರು ಕಂಪನಿ ನಾಟಕಗಳಲ್ಲಿ ಅರಸನ ಪಾತ್ರ ಮಾಡಿ ಹೆಸರಾದವರು. ಎಪ್ಪತ್ತೆಂಟು ದಾಟಿತ್ತು, ಉಬ್ಬಸವಿತ್ತು, ರಂಗ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಐದೇ ಹಾಡು, ಅದೂ ಮಧ್ಯಾಹ್ನ, ಎಂಬ ಷರತ್ತಿನ ಮೇಲೆ ಮಗಳು ಒಪ್ಪಿದ್ದಳು. ಇದೇ ಕೊನೆಯ ಸಲ ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಕಡೆ ನಾಟಕದ ಹುಚ್ಚು ಎಂಥದೆಂದು ಹೊರಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಹಾಲು ಹಾಕುವವರು, ಬಸ್ ಕಂಡಕ್ಟರು, ಮಗ್ಗದವರು ಎಲ್ಲರೂ ಒಂದಲ್ಲ ಒಂದು ಪಾತ್ರ ಕಲಿತವರೇ. ಮೇಷ್ಟ್ರ ಹಾಡುಗಳು ಅವರಿಗೆ ಬಾಯಿಪಾಠ. ಚಹಾ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಮೇಷ್ಟ್ರಿಗೆ ಹೆಸರು ತಂದ ಆ ಅರಸನ ಹಾಡು ಕೊನೆಗೆ ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು. ನಾಗಮಂಗಲ ಕಡೆಯ ಮರೀಗೌಡ ಎಂಬುವನು, ಊರ ನಾಟಕದಲ್ಲಿ ಇಪ್ಪತ್ತು ವರ್ಷ ಅರಸನ ಪಾತ್ರ ಕಟ್ಟಿದವನು, ಕಾರ್ಯಕ್ರಮಕ್ಕೆ ಮೂರು ದಿನ ಮೊದಲೇ ಬಂದು ಬೀಗರ ಮನೆಯಲ್ಲಿ ಬಿಡಾರ ಹೂಡಿ, ದಿನವೂ ಮೈದಾನಕ್ಕೆ ಬಂದು ಖಾಲಿ ವೇದಿಕೆ ನೋಡಿಕೊಂಡು ಹೋಗುತ್ತಿದ್ದ. ನಾನೂ ಅವನಿಗಿಂತ ಕಡಿಮೆಯೇನಲ್ಲ. ನಮ್ಮಪ್ಪನ ಬಳಿ ಮೇಷ್ಟ್ರ ಎರಡು ರೆಕಾರ್ಡುಗಳಿದ್ದವು. ಅವನ್ನು ಕೇಳಿಯೇ ಬೆಳೆದವನು ನಾನು.

ಗ್ಯಾಲರಿ ಕಟ್ಟಲು ಪಾಲಹಳ್ಳಿಯ ಚನ್ನಪ್ಪ ಬಂದ. ಸುತ್ತಮುತ್ತ ಎಲ್ಲೇ ಕುಸ್ತಿ ನಡೆದರೂ ಗ್ಯಾಲರಿ ಅವನದೇ. ಸರ್ವೆ ಕಂಬ, ನಾರಿನ ಹಗ್ಗ, ಮರದ ಬೆಣೆ, ಮೇಲೆ ಹಲಗೆ. ನೂರಹತ್ತು ಅಡಿ ಉದ್ದ, ಎಂಟು ಸಾಲು, ಆರುನೂರು ಜನ. ತಲೆಗೆ ಅರವತ್ತೈದು ಕಿಲೋ ಹಿಡಿದು ಲೆಕ್ಕ ಹಾಕಿದೆ, ಸರಿಹೋಯಿತು. ನಡುವಿನ ಭಾಗದ ಮೇಲೆ ನೂರೈವತ್ತು ಮರಳಿನ ಚೀಲ ಪೇರಿಸಿ ಒಂದು ದಿನ ಬಿಟ್ಟೆ. ಹಲಗೆ ಕಾಲು ಅಂಗುಲವೂ ಬಾಗಲಿಲ್ಲ.

ಒಂದು ಕೊರತೆ ಮಾತ್ರ ಕಣ್ಣಿಗೆ ಬಿತ್ತು. ಕಂಬಗಳು ಪಕ್ಕಕ್ಕೆ ವಾಲದಂತೆ ಓರೆಯಾಗಿ ಕಟ್ಟುವ ಕಂಬಗಳಿಗೆ ನಾವು ಬ್ರೇಸಿಂಗ್ ಎನ್ನುತ್ತೇವೆ. ಚನ್ನಪ್ಪ ನಡುವಿನ ಮೂರು ಅಂಕಣಗಳಲ್ಲಿ, ಅಂದರೆ ಕಂಬದಿಂದ ಕಂಬಕ್ಕಿರುವ ಜಾಗಗಳಲ್ಲಿ, ಅದನ್ನು ಕಟ್ಟಿರಲಿಲ್ಲ. ಕುಸ್ತಿಯಲ್ಲಿ ಪೈಲ್ವಾನರು ತಮಟೆಯೊಡನೆ ಗ್ಯಾಲರಿಯ ಅಡಿಯಿಂದಲೇ ಅಖಾಡಕ್ಕೆ ಬರುವುದು ವಾಡಿಕೆಯಾದ್ದರಿಂದ ಅಲ್ಲಿ ದಾರಿ ಬಿಡುವುದು ಅವನ ಕೈಗೆ ರೂಢಿಯಾಗಿತ್ತು. ಹಾಡಿನ ಕಾರ್ಯಕ್ರಮಕ್ಕೆ ಪೈಲ್ವಾನರು ಎಲ್ಲಿಂದ ಬರಬೇಕು? ಕೇಳಿದ್ದಕ್ಕೆ ಚನ್ನಪ್ಪ ನಕ್ಕ.

"ಇಪ್ಪತ್ತು ವರ್ಸದಿಂದ ಇಂಗೇ ಕಟ್ತಾ ಇವ್ನಿ ಸಾರ್. ಜನ ಮೇಲೆ ಕುಣುದ್ರೂ ಏನೂ ಆಗಿಲ್ಲ."

ಮತ್ತೆ ಬಿಚ್ಚಿ ಕಟ್ಟಲು ಇನ್ನೊಂದು ದಿನ ಬೇಕೆಂದ. ಮೇಷ್ಟ್ರ ಮಗಳು ಕೊಟ್ಟಿದ್ದು ಒಂದೇ ದಿನ. ಅದು ತಪ್ಪಿದರೆ ಮೇಷ್ಟ್ರು ಮತ್ತೆ ಸಿಗುವುದಿಲ್ಲ. ಬೇರೆ ಯಾವುದೋ ರಾಜಕೀಯ ಭಾಷಣವಾಗಿದ್ದರೆ ನಾನು ಕಡ್ಡಿ ಮುರಿದಂತೆ ಆಗುವುದಿಲ್ಲ ಎನ್ನುತ್ತಿದ್ದೆ. ಅವತ್ತು ಸಹಿ ಹಾಕಿದೆ. ಹಾಡು ಕೇಳುವ ಆಸೆ ನನ್ನ ಕೈ ಹಿಡಿದು ಬರೆಸಿತು ಎಂದರೆ ಸುಳ್ಳಲ್ಲ.

ಮಧ್ಯಾಹ್ನ ಮೂರಕ್ಕೆ ಮೇಷ್ಟ್ರು ಬಂದರು. ಇಬ್ಬರು ಹಿಡಿದು ಹಾರ್ಮೋನಿಯಂ ಮುಂದೆ ಕೂರಿಸಿದರು. ಬಾಯಿ ತೆರೆದ ಕೂಡಲೇ ಆ ಸಣಕಲು ದೇಹದಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ ಎನಿಸಿತು. ನನ್ನ ಕಣ್ಣು ತುಂಬಿ ಬಂತು. ಎರಡನೆಯ ಹಾಡು ಮುಗಿದಾಗ, ನಾಲ್ಕನೇ ಸಾಲಿನಲ್ಲಿದ್ದ ಮರೀಗೌಡ ಎದ್ದು ನಿಂತು ಒನ್ಸ್ ಮೋರ್ ಎಂದ. ಆರುನೂರು ಜನ ದನಿಗೂಡಿಸಿದರು. ಮೇಷ್ಟ್ರು ನಕ್ಕು ಮತ್ತೆ ಎತ್ತಿಕೊಂಡರು. ಈ ಸಲ ಗ್ಯಾಲರಿ ಸುಮ್ಮನಿರಲಿಲ್ಲ. ಎಲ್ಲರಿಗೂ ತಾಳ ಗೊತ್ತು. ಎಲ್ಲರೂ ಎಡಕ್ಕೂ ಬಲಕ್ಕೂ ತೂಗುತ್ತ, ಒಟ್ಟಿಗೆ ಹಿಮ್ಮಡಿಯಿಂದ ಹಲಗೆ ಗುದ್ದತೊಡಗಿದರು.

ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮೊದಲು ಕಂಡದ್ದು ಹಗ್ಗದಿಂದ ಉದುರುತ್ತಿದ್ದ ನಾರಿನ ಪುಡಿ. ಆಮೇಲೆ ಮೈದಾನದ ಪಕ್ಕದ ಗೋಡೆಗೂ ಗ್ಯಾಲರಿಯ ತುದಿಯ ಕಂಬಕ್ಕೂ ನಡುವಿನ ಸಂದು ಅಗಲವಾಯಿತು, ಕಿರಿದಾಯಿತು, ಮತ್ತೆ ಅಗಲವಾಯಿತು. ಪ್ರತಿ ಗುದ್ದಿಗೂ ಸ್ವಲ್ಪ ಹೆಚ್ಚು. ಕುಸ್ತಿ ನೋಡುವವರು ಕುಣಿದರೆ ಒಬ್ಬೊಬ್ಬ ಒಂದೊಂದು ಹೊತ್ತಿಗೆ ಕುಣಿಯುತ್ತಾನೆ. ಇವರು ಒಂದೇ ಏಟಿಗೆ, ಒಂದೇ ದಿಕ್ಕಿಗೆ ತೂಗುತ್ತಿದ್ದರು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ನೂಕುತ್ತಿದ್ದರೆ ಅದು ಮೇಲೇರುತ್ತಲೇ ಹೋಗುತ್ತದಲ್ಲ, ಹಾಗೆ. ಕಾಲೇಜಿನಲ್ಲಿ ರೆಸೊನೆನ್ಸ್ ಎಂದು ಓದಿ ಪಾಸಾಗಿದ್ದೆ. ಓಡಿಹೋಗಿ ಅಡಿಯಲ್ಲಿ ಇಣುಕಿದೆ. ಬಿಟ್ಟಿದ್ದ ಆ ಮೂರು ಅಂಕಣಗಳಲ್ಲಿ ಎರಡು ಬೆಣೆ ನೆಲಕ್ಕೆ ಬಿದ್ದಿದ್ದವು. ಚನ್ನಪ್ಪ ಒಂದು ಕಂಬ ತಬ್ಬಿ ಹಿಡಿದು ನಿಂತಿದ್ದ.

ಮೈಕಿನಲ್ಲಿ ಗ್ಯಾಲರಿ ಬೀಳುತ್ತದೆ ಎಂದರೆ ಆರುನೂರು ಜನ ಒಮ್ಮೆಗೇ ಎದ್ದು ಓಡುತ್ತಾರೆ, ಅಲ್ಲಿಗೆ ಮುಗಿಯಿತು. ಹಾಡು ನಿಲ್ಲಿಸಿದರೆ ಒನ್ಸ್ ಮೋರ್ ಎಂದು ಇನ್ನೂ ಜೋರಾಗಿ ಗುದ್ದುತ್ತಾರೆ. ವೇದಿಕೆ ಹತ್ತಿ ಮೇಷ್ಟ್ರ ಕಿವಿಯ ಬಳಿ ಬಗ್ಗಿದೆ.

"ಮೇಷ್ಟ್ರೇ, ಗ್ಯಾಲರಿ ಸಡಿಲವಾಗಿದೆ. ಜನಕ್ಕೆ ಗೊತ್ತಾಗಬಾರದು. ತಾಳ ನಿಲ್ಲಿಸಿ, ಹಾಡು ನಿಲ್ಲಿಸಬೇಡಿ."

ಅವರು ನನ್ನ ಮುಖವನ್ನೂ ನೋಡಲಿಲ್ಲ. ಎಡಗೈ ಚಾಚಿ ತಬಲದ ಮೇಲೆ ಇಟ್ಟರು. ತಬಲ ನಿಂತಿತು. ಅದೇ ಉಸಿರಿಗೆ ಒಂದು ಕಂದಪದ್ಯ ಎತ್ತಿದರು. ನಾಟಕದಲ್ಲಿ ಕಂದಕ್ಕೆ ತಾಳವಿಲ್ಲ, ಬರೀ ರಾಗ. ಕಂದ ಹಾಡುವಾಗ ಯಾರೂ ಮಿಸುಕಬಾರದೆಂದು ಪಾತ್ರ ಕಲಿತ ಪ್ರತಿಯೊಬ್ಬನಿಗೂ ಗೊತ್ತು. ಹಿಮ್ಮಡಿಗಳು ನಿಂತವು. ಗ್ಯಾಲರಿ ಇನ್ನೂ ನಾಲ್ಕು ಸಲ ತೂಗಾಡಿ, ಕಿರುಗುಟ್ಟುತ್ತ ನಿಂತಿತು. ಒಂದಿಷ್ಟು ವಾಲಿಕೊಂಡೇ ನಿಂತಿತು.

ಕಂದ ಮುಗಿಸಿ ಮೇಷ್ಟ್ರು ಮೈಕಿಗೆ ಬಾಯಿಟ್ಟರು.

"ನಂಗೆ ಕಣ್ಣು ಮಂಜು ಕಣ್ರಪ್ಪ. ದೂರ ಕುಂತ್ರೆ ನಿಮ್ ಮಖ ಕಾಣಾಕಿಲ್ಲ. ಕೆಳಕ್ ಬಂದು ನನ್ ಮುಂದೆ ಕುಂತ್ಕಳಿ. ಒಂದು ಕಂದಕ್ಕೆ ಒಂದು ಸಾಲು, ಮೇಲ್ಗಡೆಯಿಂದ. ಓಡ್ ಬಂದ್ರೆ ನಾನು ಹಾಡಾಕಿಲ್ಲ."

ಜನಕ್ಕೆ ಸಂಭ್ರಮವೋ ಸಂಭ್ರಮ. ಆದರೂ ಯಾರೂ ಓಡಲಿಲ್ಲ. ಮೇಷ್ಟ್ರ ಮಾತು ಅವರಿಗೆ ಅಷ್ಟು ದೊಡ್ಡದು. ಎಂಟು ಸಾಲಿಗೆ ಎಂಟು ಕಂದ. ನಾಲ್ಕನೆಯದಕ್ಕೆ ಉಬ್ಬಸ ಶುರುವಾಯಿತು. ಮಗಳು ಪಕ್ಕದಿಂದ ಕೈ ಸನ್ನೆ ಮಾಡಿದಳು; ಅವರು ನೋಡಲಿಲ್ಲ. ಆರನೆಯದರಲ್ಲಿ ದನಿ ಒಡೆಯಿತು. ಎಂಟನೆಯದು ದನಿಯೇ ಅಲ್ಲ, ಬರೀ ಗಾಳಿ. ಕೊನೆಯ ಸಾಲಿನ ಕೊನೆಯ ಮನುಷ್ಯ ನೆಲ ಮುಟ್ಟಿದ್ದನ್ನು ನಾನು ಕೈಯೆತ್ತಿ ತೋರಿಸುವ ತನಕ ಅವರು ನಿಲ್ಲಿಸಲಿಲ್ಲ.

ಎಲ್ಲರೂ ಕಾದಿದ್ದ ಆ ಅರಸನ ಹಾಡು ಉಳಿದೇಹೋಯಿತು. ನಾನೇನೋ ಕಿವಿಯೂದಿ ಕೆಡಿಸಿದೆನೆಂದು ಮರೀಗೌಡ ನನ್ನ ಮೇಲೆ ಎಗರಿ ಬಂದ. ಅವನನ್ನು ಗ್ಯಾಲರಿಯ ಅಡಿಗೆ ಕರೆದುಕೊಂಡು ಹೋದೆ. ಚನ್ನಪ್ಪ ಒಂದು ಅಡ್ಡಕಂಬಕ್ಕೆ ಕೈ ಹಾಕಿ ಎಳೆದ. ಅದು ಕೈಯಲ್ಲೇ ಬಂತು. ಮರೀಗೌಡ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ತಾನು ಒನ್ಸ್ ಮೋರ್ ಎನ್ನಬಾರದಿತ್ತು ಎಂದು ಬಿಕ್ಕಿದ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಮರುದಿನ ಮೇಲಧಿಕಾರಿಗೂ ಅದನ್ನೇ ಬರೆದುಕೊಟ್ಟೆ.

ಹದಿನೈದು ದಿನ ಬಿಟ್ಟು ಮೇಷ್ಟ್ರನ್ನು ನೋಡಲು ಹೋದೆ. ದನಿ ಪೂರ್ತಿ ಹೋಗಿತ್ತು. ಇನ್ನು ಬರುವುದಿಲ್ಲವೆಂದು ವೈದ್ಯರು ಹೇಳಿದ್ದರಂತೆ. ನಾನು ಕಾಲು ಮುಟ್ಟಿ ನಡೆದದ್ದೆಲ್ಲ ಒಪ್ಪಿಕೊಂಡೆ. ಅವರು ಬಗ್ಗಿ, ಪಿಸುದನಿಯಲ್ಲಿ ಒಂದೇ ಮಾತು ಕೇಳಿದರು.

"ಎಲ್ರೂ ಮನೆ ಸೇರ್ಕಂಡ್ರಾ?"

ಸೇರಿಕೊಂಡರು ಎಂದೆ. ಸರಿ ಎಂಬಂತೆ ತಲೆಯಾಡಿಸಿ, ಮಗಳಿಗೆ ಕಾಫಿ ತರುವಂತೆ ಸನ್ನೆ ಮಾಡಿದರು.

ಆಮೇಲೆ ನಿವೃತ್ತಿಯಾಗುವವರೆಗೂ ಯಾವ ಗ್ಯಾಲರಿ ನೋಡಲು ಹೋದರೂ, ಎಷ್ಟು ಜನ ಕೂರುತ್ತಾರೆ ಎಂಬುದಕ್ಕಿಂತ ಮೊದಲು, ಅವರು ಕೂತು ಏನು ಮಾಡುತ್ತಾರೆ ಎಂದು ಕೇಳುತ್ತಿದ್ದೆ. ನನಗೇ ಇಷ್ಟವಾದ ಕಾರ್ಯಕ್ರಮವಾದರೆ ಇನ್ನೊಬ್ಬ ಎಂಜಿನಿಯರನ್ನು ಕಳಿಸುತ್ತಿದ್ದೆ. ಅವತ್ತಿನ ನನ್ನ ಸರ್ಟಿಫಿಕೇಟಿನಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ನಾನು ಕಟ್ಟಿಸದೆ ಬಿಟ್ಟ ಮೂರು ಅಂಕಣಗಳನ್ನು ಒಬ್ಬ ಮುದುಕ ತನ್ನ ಕೊರಳು ಕೊಟ್ಟು ಎತ್ತಿ ಹಿಡಿದ.