ಫಲಕ ಉಜ್ಜುವ ಕೊರಾಡೊ
ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಲ್ಲಿ ದಾರಿ ಕೇಳುವುದಿದ್ದರೆ ಯಾರನ್ನಾದರೂ ಕೇಳಿ, ಮುದುಕ ಕೊರಾಡೊನನ್ನು ಮಾತ್ರ ಕೇಳಬೇಡಿ. "ಉಪ್ಪಿನ ಗೋದಾಮು ಸಿಗುತ್ತೆ, ಅಲ್ಲಿ ಎಡಕ್ಕೆ ತಿರುಗಿ" ಅನ್ನುತ್ತಾನೆ. ಆ ಗೋದಾಮು ಕೆಡವಿ ನಲವತ್ತು ವರ್ಷವಾಯಿತು. ಹಿಂದೆ ಹಗ್ಗದಂಗಡಿಯಿದ್ದ ಜಾಗದ ಕಾಫಿ ಅಂಗಡಿಯಲ್ಲಿ ಕೂತು ಹೆಂಡತಿಗೆ, "ಹಗ್ಗದಂಗಡೀಲಿದೀನಿ ಕಣೆ" ಎಂದು ಫೋನು ಮಾಡುತ್ತಾನೆ. ಮೀನು ಹಿಡಿಯುವುದು ಬಿಟ್ಟಮೇಲೆ, ಹಳೆಯ ಜಾಗಗಳ ಗುರುತಿಗೆ ನೆಟ್ಟ ಹಿತ್ತಾಳೆ ಫಲಕಗಳೇ ಅವನ ಸಂಸಾರ. ಶನಿವಾರ ಬೆಳಗಾದರೆ ಚಿಂದಿಬಟ್ಟೆ, ಪಾಲಿಶ್ ಡಬ್ಬಿ ಹಿಡಿದು ಹೊರಟು, ಫಲಕ ಗಲೀಜು ಮಾಡಿದ ಕಡಲಹಕ್ಕಿಗಳಿಗೆ ಹುಟ್ಟುನಾಡು ಇಟಲಿಯ ಅಪ್ಪಟ ಸಿಸಿಲಿ ಭಾಷೆಯಲ್ಲಿ ಬೈಯುತ್ತಾನೆ. "ಅಷ್ಟೊಂದು ಉಜ್ಜಬೇಡಿ ಕೊರಾಡೊ, ಅಕ್ಷರ ಸವೆದುಹೋಗ್ತವೆ" ಎಂದು ನಗರಸಭೆಯ ಬ್ರೆಂಡಾ ಗೋಗರೆದರೆ, "ಉಜ್ಜದಿದ್ರೆ ಕಪ್ಪಾಗುತ್ತಲ್ಲಮ್ಮ, ಆಮೇಲೆ ಯಾರು ಓದ್ತಾರೆ?" ಅನ್ನುತ್ತಾನೆ. ಬೇರೆ ಫಲಕಗಳಿಗೆ ಹತ್ತು ನಿಮಿಷ. ಬಂದರುಕಟ್ಟೆಯ ತುದಿಯಲ್ಲಿರುವ, ಕಡಲಿನಿಂದ ಮರಳದ ಮೀನುಗಾರರ ಹೆಸರುಗಳ ಫಲಕಕ್ಕೆ ಒಂದು ಗಂಟೆ, ಅದರಲ್ಲೂ ಕೆಳಗಿನಿಂದ ಮೂರನೆಯ ಸಾಲಿಗೇ ಅರ್ಧ ಗಂಟೆ. ಮೊನ್ನೆ ಹಡಗಿನಿಂದಿಳಿದ ಹೆಂಗಸೊಬ್ಬಳು ಆ ಸಾಲಿನ ಮೇಲೆ ಬೆರಳಾಡಿಸಿ, "ಇಲ್ಲೇನೂ ಬರೆದೇ ಇಲ್ವಲ್ಲ?" ಎಂದಳು. ಕೊರಾಡೊ ಬಗ್ಗಿ ನೋಡಿದ; ಆ ಸಾಲು ತಟ್ಟೆಯ ತಳದ ಹಾಗೆ ನುಣ್ಣಗಿತ್ತು. "ಇಲ್ಲಿ ನನ್ನ ತಮ್ಮ ಇದ್ದ" ಎಂದ. ಬಟ್ಟೆಗೆ ಪಾಲಿಶ್ ಹಚ್ಚಿಕೊಂಡು ಮತ್ತೆ ಅಲ್ಲೇ ಉಜ್ಜತೊಡಗಿದ.