ಬನಶಂಕರೆವ್ವನ ಬಲಗಾಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಬನಶಂಕರೆವ್ವ ನಡೆದಾಡಿದ್ದನ್ನು ಕಂಡವರು ಕಡಿಮೆ, ಕೂತದ್ದನ್ನು ಕಂಡವರೇ ಎಲ್ಲ. ಮೂವತ್ತೈದು ವರ್ಷ ಕುಣಿಮಗ್ಗದ ಮುಂದೆ ಕೂತವಳು. ಕೈ ಲಾಳಿಯ ಮೇಲೆ, ಕಾಲು ನೆಲದಲ್ಲಿ ತೋಡಿದ ಕುಣಿಯೊಳಗಿನ ತುಳಿಹಲಗೆಯ ಮೇಲೆ. ಬಲಗಾಲು ಮುರಿದದ್ದೂ ಆ ಕುಣಿಯ ಅಂಚಿನಲ್ಲೇ ಜಾರಿ.

ಗದಗಿನ ಡಾಕ್ಟರು ಪ್ಲಾಸ್ಟರ್ ಹಾಕಿದರು. ಎಂಟು ತಿಂಗಳಾದರೂ ಎಲುಬು ಕೂಡಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆಯಿಲ್ಲ, ತಂಬಾಕಿನ ಚಟವಿಲ್ಲ. ಎಕ್ಸ್‌ರೇ ನೋಡಿ ನೋಡಿ ಡಾಕ್ಟರಿಗೂ ಸಾಕಾಯಿತು, ಆಟೋ ಹತ್ತಿಸಿ ಇಳಿಸಿ ಪಕ್ಕದ ಮನೆಯ ನನಗೂ ಸಾಕಾಯಿತು. ಅವಳ ಗಂಡ ವೆಂಕಪ್ಪ ಎಲುಬು ಕೂಡಿತೇ ಎಂದು ಕೇಳುವುದನ್ನೇ ಬಿಟ್ಟ.

"ಇನ್ನೊಂದು ದಾರಿ ಐತ್ರಿ ಅವ್ವಾರ," ಎಂದರು ಡಾಕ್ಟರು. "ಹೊಟ್ಟ್ಯಾಗಿನ ಕೂಸಿಗೆ ಎಲುಬು ಮೂಡುವಾಗ ಒಂದು ಪ್ರೋಟೀನು ಖಬರ ಮುಟ್ಟಸ್ತೈತಿ, 'ಇಲ್ಲಿ ಎಲುಬಾಗ್ರಿ' ಅಂತ. ಅದನ್ನ ಈಗ ಔಷಧ ಮಾಡ್ಯಾರ. ಸ್ಪಂಜಿನಾಗ ನೆನಸಿ ಮುರಿದಲ್ಲಿ ಇಡ್ತೀನಿ. ಎಲ್ಲಾರಿಗೂ ಹತ್ತೂದಿಲ್ಲ. ಹತ್ತಲಿಲ್ಲಂದ್ರ ಕಾಲು ಹಿಂಗ ಉಳೀತೈತಿ."

ಬನಶಂಕರೆವ್ವ ತಲೆಯಾಡಿಸಿದಳು. ಆಸ್ಪತ್ರೆಯ ಮಂಚದಿಂದ ಇಳಿಬಿಟ್ಟ ಅವಳ ಬಲಗಾಲು ಮಾತ್ರ ಗಾಳಿಯನ್ನು ತುಳಿಯುತ್ತಿತ್ತು.

"ಅದೇನ್ರಿ?" ಎಂದರು ಡಾಕ್ಟರು.

"ರೂಢಿರೀ. ಕುಂತರ ತುಳೀತೈತಿ."

"ಇಷ್ಟು ದಿನ ಮಗ್ಗಕ್ಕ ಕುಂತಿದ್ರೇನು?"

"ನೀವ ಹೇಳಿದ್ರೆಲ್ರಿ ಸಾಹೇಬ್ರ, ನಿಲ್ಲಬ್ಯಾಡ್ರಿ, ಕುಂತು ಮಾಡೋ ಕೆಲಸ ಮಾಡ್ರಿ ಅಂತ."

ಡಾಕ್ಟರು ಹಣೆ ಹಿಡಿದುಕೊಂಡರು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಮಗ್ಗವಿಲ್ಲದೆ ಸುಮ್ಮನೆ ಕೂರುವುದನ್ನು ಅವಳಿಗೆ ಯಾರು ಕಲಿಸಿದ್ದರು?

"ಔಷಧ ಖಬರ ಅಷ್ಟ ಹೇಳ್ತೈತಿ. ಕಾಲು ಅಳ್ಳಾಡಿದ್ರ ಎಲ್ಲಾ ದಂಡ," ಎಂದರು ಡಾಕ್ಟರು.

ಆಪರೇಷನ್ ಆಯಿತು. ಈಗ ವೆಂಕಪ್ಪ ಮಗ್ಗಕ್ಕೆ ಕೂತ. ಒಳಗೆ ಮಗ್ಗದ ಸದ್ದಾದರೆ ಸಾಕು, ಹೊರಗೆ ಮಲಗಿದ ಅವಳ ಕಾಲು ತಾನಾಗಿ ಅಲುಗುತ್ತಿತ್ತು. ಹಳೆ ಸೀರೆಯ ದಡಿ ಹರಿದು ತನ್ನ ಕಾಲನ್ನು ತಾನೇ ಮಂಚಕ್ಕೆ ಕಟ್ಟಿಕೊಂಡಳು. ಮೂರು ತಿಂಗಳು ಹಾಗೇ. "ಸಾಕಾಗೇತಿ ಯವ್ವಾ," ಎನ್ನುವುದೊಂದೇ ಮಾತು.

ಹೋದ ವಾರ ಹೊಸ ಎಕ್ಸ್‌ರೇ ತೆಗೆದರು. ಮುರಿದ ಜಾಗದಲ್ಲಿ ಬಿಳುಪು ತುಂಬಿತ್ತು. "ಕೂಡೇತ್ರಿ! ಮೆಲ್ಲಕ ನಡೀರಿ," ಎಂದು ಡಾಕ್ಟರೇ ಹಿಗ್ಗಿದರು. ನಾನೂ ಹಿಗ್ಗಿದೆ.

ಮನೆಗೆ ಬಂದು ಮಂಚದ ಮೇಲೆ ಕೂತಳು. ಕಾಲಿಗೆ ಈಗ ದಡಿಯ ಕಟ್ಟು ಇರಲಿಲ್ಲ. ಒಳಗೆ ವೆಂಕಪ್ಪನ ಮಗ್ಗ ಶುರುವಾಯಿತು. ಅವಳು ಕಾಲನ್ನೇ ನೋಡಿದಳು, ನಾನೂ ನೋಡಿದೆ. ಲಾಳಿ ಹತ್ತಾರು ಸಲ ಹೋಗಿ ಬಂದರೂ ಕಾಲು ಅಲುಗಲಿಲ್ಲ.

"ಕೂಡಿದ್ದು ಖರೆ," ಎಂದಳು. "ಮಗ್ಗ ಮರತೈತಲ್ಲ ಯವ್ವಾ ಇದು."

ಕಾಲು ಮುರಿದ ದಿನವೂ ಅಳದವಳು ಅವತ್ತು ಅತ್ತಳು.