ಕೊನೆಯ ಹಲ್ಲಿನ ಮಲೀದಾ

ನೆನೆಸಿದ ಅವಲಕ್ಕಿಗೆ ಹಸಿ ಕೊಬ್ಬರಿ, ಸಕ್ಕರೆ, ಏಲಕ್ಕಿ ಪುಡಿ ಬೆರೆಸಿ ಸೊಸೆ ಇವತ್ತು ಬೆಳಿಗ್ಗೆ ಬಟ್ಟಲು ತಂದಿಟ್ಟಳು. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಹೋದ ಸೋಮವಾರ ಬೆಟಗೇರಿಯ ನಮ್ಮ ಓಣಿಯ ಭಜನೆಯಲ್ಲಿ, ವರ್ಷಗಟ್ಟಲೆ ನಾನೇ ಮುಂದೆ ಕೂತು ಹೇಳಿಕೊಟ್ಟ ಹಾಡು ನಡುವೆಯೇ ಮರೆತುಹೋಗಿತ್ತು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಮನೆಯಲ್ಲಿ ಸಾರಿಬಿಟ್ಟಿದ್ದೆ. ಏಲಕ್ಕಿಯ ವಾಸನೆ ಮೂಗಿಗೆ ಬಡಿದದ್ದೇ ಯಹೂದಿಗಳ ರಿಬೆಕಾಬಾಯಿ ನೆನಪಾದರು.

ಗದಗ-ಬೆಟಗೇರಿಯಲ್ಲಿ ಯಹೂದಿಗಳೇ ಎಂದು ನೀವು ಹುಬ್ಬೇರಿಸಬಹುದು. ನಮಗೆ ಗೊತ್ತಿದ್ದದ್ದು ಅದೊಂದೇ ಮನೆ. ಗಂಡನ ರೇಲ್ವೆ ನೌಕರಿಗೆಂದು ಮುಂಬೈ ಕಡೆಯಿಂದ ಬಂದವರು, ಗಂಡ ತೀರಿಕೊಂಡ ಮೇಲೂ ನಮ್ಮ ಪಕ್ಕದ ಮನೆಯಲ್ಲೇ ಉಳಿದರು. ದೇವರಿಗೆ ಉಪಕಾರ ಹೇಳಬೇಕಾದಾಗ ಅವರ ಜನ ಎಲೀಯ ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ. ಇದೇ ಅವಲಕ್ಕಿ, ಜೊತೆಗೆ ಹಣ್ಣು, ಹೀಬ್ರೂ ಪ್ರಾರ್ಥನೆ. ಮಗಳ ಮದುವೆಗೆ ಮಾಡಿದ್ದರು, ಸರಿ. ಬಾಯಿಯವರು ಕಣ್ಣಿನ ಪೊರೆ ತೆಗೆಸಿದಾಗಲೂ ಮಾಡಿದರು, ಬಚ್ಚಲಲ್ಲಿ ಜಾರಿ ಬಿದ್ದು ಎದ್ದಾಗಲೂ ಮಾಡಿದರು. ಕಡೆಗೆ ಕೊನೆಯ ಹಲ್ಲು ಉದುರಿದಾಗಲೂ ಕರೆದರು. ಹಲ್ಲು ಹೋದದ್ದಕ್ಕೂ ಉಪಕಾರವೇ ಎಂದು ನಕ್ಕೆ. ಇಷ್ಟು ವರ್ಷ ಜಗಿಯಿತಲ್ಲ ಅಂದರು.

ಆ ದಿನ ತಲೆ ತುಂಬ ಸೆರಗು ಹೊದ್ದು ಪ್ರಾರ್ಥನೆ ಶುರು ಮಾಡಿದವರು ನಡುವೆ ನಿಂತುಬಿಟ್ಟರು. ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಅಲ್ಲಿಯೇ ನಿಂತರು. ಎತ್ತಿಕೊಡೋಣವೆಂದರೆ ನಮಗ್ಯಾರಿಗೂ ಆ ಭಾಷೆ ಬಾರದು. ಬೆವರಿದ್ದು ನಾನು. ಅವರು ಅಲ್ಲಿಗೇ ಆಮೆನ್ ಎಂದು ಹಣ್ಣು ಹಂಚತೊಡಗಿದರು. ನನ್ನ ಮುಖ ನೋಡಿ ಹೇಳಿದರು:

“ದೇವರು ತನ್ನ ಕಟ್ಟಳಿ ಬರದು ಕೊಟ್ಟ ಕಲ್ಲಿನ ಹಲಗಿ ನಮ್ಮ ಪ್ರವಾದಿ ಮೋಶೆ ಕೈಯಾಗ ಒಡದು ಹೋದುವು. ಆಮ್ಯಾಲೆ ಹೊಸಾವು ಬಂದುವು. ಆದ್ರ ಒಡದಾವನ್ನ ನಮ್ಮ ಹಿರ್ಯಾರು ಚೆಲ್ಲಲಿಲ್ಲವಾ. ಹೊಸಾವಿನ ಜೋಡಿ ಒಂದ ಪೆಟಗ್ಯಾಗ ಇಟಗೊಂಡು ನಡದರು. ಮರವು ಬಂದ ಮುದುಕರನ್ನ ಹಂಗ ನೋಡಬೇಕಂತ ನಮ್ಮಪ್ಪ ಹೇಳತಿದ್ದ. ಈಗ ನನ್ನ ನಾನೂ ಹಂಗ ನೋಡ್ಕೋತೀನಿ.”

ಆಗ ನನಗೆ ಗಟ್ಟಿ ವಯಸ್ಸು. ಚೆಂದದ ಕತೆ ಎಂದುಕೊಂಡು, ಬಟ್ಟಲು ಖಾಲಿ ಮಾಡಿ ಎದ್ದು ಬಂದಿದ್ದೆ. ಅದು ನನಗೂ ಹೇಳಿದ ಮಾತು ಎಂದು ತಿಳಿಯಲು ನನ್ನ ತಲೆಯೂ ಬೆಳ್ಳಗಾಗಬೇಕಾಯಿತು. ಬಾಯಿಯವರು ಈಗಿಲ್ಲ, ಇದ್ದಿದ್ದರೆ ಹೋಗಿ ಕಾಲಿಗೆ ಬೀಳುತ್ತಿದ್ದೆ.

ಸಂಜೆ ಭಜನೆಗೆ ಹೋದೆ. ಅದೇ ಹಾಡು ಎತ್ತಿದೆ, ಅದೇ ಸಾಲಿಗೆ ನಿಂತೆ.

“ಮುಂದಿಂದು ನನಗ ಮರತೈತಿ, ನೀವ ಹೇಳ್ರೆವಾ” ಎಂದೆ.

ಅಡರಕಟ್ಟಿಯಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಎತ್ತಿಕೊಂಡಳು, ಉಳಿದವರು ದನಿಗೂಡಿಸಿದರು. ನಾನು ತಾಳ ಹಾಕುತ್ತ ಕೂತೆ. ಇಷ್ಟು ವರ್ಷ ಹೇಳಿಕೊಟ್ಟದ್ದೇ ಆಯಿತು. ಆ ಹಾಡು ಇಷ್ಟು ಚೆಂದ ಇದೆ ಎಂದು ಇವತ್ತೇ ಕೇಳಿದೆ.